ಇನ್ನೂರು ಪದ ಮೀರದಂತೆ

ವರದಿಯ ಕೊನೆಯ ಪುಟದಲ್ಲೊಂದು ಚೌಕ:
‘ಇಂಟರ್ನ್‌ಶಿಪ್ಪಿನಿಂದ ನೀವು ಕಲಿತದ್ದೇನು?
ಇನ್ನೂರು ಪದ ಮೀರದಂತೆ ಬರೆಯಿರಿ.’

ಬೆಳಗಿನ ಐದಕ್ಕೆ ಬೈತಖೋಲ ಬಂದರು.
ಬುಟ್ಟಿಗೆ ಎಂಟರಂತೆ ಬಂಗಡೆ ಹೆಕ್ಕಿ
ಮೂತಿಯಿಂದ ಬಾಲದ ಕವಲಿನವರೆಗೆ ಅಳೆದು
ಹಾಳೆಗೆ ಇಳಿಸುವುದು: ಹತ್ತೊಂಬತ್ತು, ಇಪ್ಪತ್ತೊಂದೂವರೆ.
ಹೊಟ್ಟೆ ಸೀಳಿ ನೋಡುವುದು: ಹೆಣ್ಣು, ನಾಲ್ಕನೆಯ ಹಂತ,
ಮೊಟ್ಟೆ ಇಡಲು ಇನ್ನೂ ಸ್ವಲ್ಪ ದಿನ ಬಾಕಿ ಇತ್ತು.
ಬಾಕಿ ಇತ್ತು ಎಂಬುದಕ್ಕೆ
ಹಾಳೆಯಲ್ಲಿ ಕಾಲಮ್ಮಿಲ್ಲ.

ಮೊದಲ ವಾರ ಹರಾಜಿನ ಹೆಂಗಸರು ನಕ್ಕರು,
‘ಅಳತೆ ತಕಂಡು ಬಂಗಡೆಗೆ ಪೋಲಕ ಹೊಲಿಸ್ತಿಯೇನೆ?’
ಎರಡನೇ ವಾರ ಕೂರಲು ಖಾಲಿ ಕ್ರೇಟು ಕೊಟ್ಟರು.
ಮೂರನೇ ವಾರ, ನನಗೆ ಗುರುತು ಸಿಗದ ಒಂದು ಮೀನಿಗೆ
ಮೂರು ಹೆಸರು ಕೊಟ್ಟು ತಮ್ಮತಮ್ಮಲ್ಲೇ ಜಗಳಾಡಿದರು.
ಪುಸ್ತಕದಲ್ಲಿ ಒಂದೇ ಹೆಸರು, ಅದೂ ಲ್ಯಾಟಿನ್ನಿನದು,
ಜಗಳವಿಲ್ಲ.

ಕೋಡಿಬಾಗದ ತರಗತಿಯ ಬಗ್ಗೆ ಬರೆಯಲೇ?
ಕಿಟಕಿಯಾಚೆ ಕಾಳಿ ಕಡಲು ಸೇರುವ ಜಾಗ;
ಒಳಗೆ ಬೋರ್ಡಿನ ಮೇಲೆ ಅಳಿವೆಯ ಚಿತ್ರ,
ಸಿಹಿನೀರು ಮೇಲೆ, ಉಪ್ಪುನೀರು ಕೆಳಗೆ, ಬಾಣದ ಗುರುತು.
ಸರ್ ಒಮ್ಮೆಯೂ ಕಿಟಕಿಯತ್ತ ಕೈ ತೋರಲಿಲ್ಲ.
ನಾವಾದರೂ ತಿರುಗಿದೆವೇ?
ಪರೀಕ್ಷೆಯಲ್ಲಿ ಆ ಚಿತ್ರಕ್ಕೆ ಐದಕ್ಕೆ ಐದು.
‘ಬಾಣಗಳು ಅಂದವಾಗಿವೆ’ ಎಂದು ಕೆಂಪು ಶಾಯಿಯಲ್ಲಿ.
ಅಂದವಾಗಿರದೆ ಏನು,
ಇನಾಸ ಮೇಸ್ತ್ರಿ ತಿದ್ದಿದ ಕೈ ಇದು.

ಇಲ್ಲಿಂದ ಮುಂದೆ ವರದಿಗೆ ಸಂಬಂಧವಿಲ್ಲ.

ಜೂನ್ ಒಂದಕ್ಕೆ ಕಡಲಿಗೆ ಬೀಗ ಬಿದ್ದಾಗ
ಮೇಸ್ತ್ರಿಯ ಬಣ್ಣದ ಡಬ್ಬಗಳಿಗೆ ಬಾಗಿಲು ತೆರೆಯುತ್ತದೆ.
ಎಂಟನೇ ಇಯತ್ತೆಯಿಂದ ನಾನವರ ಕುಂಚ ತೊಳೆಯುವವಳು,
ಆಮೇಲೆ ಗೆರೆ ಎಳೆಯುವವಳು,
ಈಗ ಬಂದರಿನ ಅರ್ಧ ಹೆಸರುಗಳು ನನ್ನವೇ.
‘ಒತ್ತಕ್ಷರಕ್ಕೆ ಮೊದಲೇ ಜಾಗ ಬಿಡು,
ಕೆಳಗೆ ಕೂರುವ ನೆಂಟನಿಗೂ ಚಾಪೆ ಬೇಕು.
ಹಲಗೆ ಡೊಂಕಿದ್ದಲ್ಲಿ ಅಕ್ಷರವನ್ನೂ ಡೊಂಕಿಸು,
ನೀರಿಗಿಳಿದ ಮೇಲೆ ನೆಟ್ಟಗೆ ಕಾಣುತ್ತದೆ.’

ಕಳೆದ ಜುಲೈಯಲ್ಲಿ ಮೇಸ್ತ್ರಿಗೆ ಜ್ವರ.
ಟಾರ್ಪಾಲಿನ ಕೆಳಗೆ ಒಬ್ಬಳೇ ಕೂತು
ಗಣಬಾ ತಾಂಡೇಲರ ಬೋಟಿಗೆ ಬರೆದೆ,
ಶ್ರೀ ಜಲದೆವತಾ.
ಒಣಗಿದ ಮೇಲೆ ಕಂಡಿತು, ದೀರ್ಘ ಬಿಟ್ಟುಹೋಗಿದೆ.
ತಾಂಡೇಲರು ದೂರ ನಿಂತು, ಹತ್ತಿರ ನಿಂತು ನೋಡಿದರು.
‘ಇರ್ಲಿ ಬಿಡು. ಮೀನಿಗೆ ಓದೂಕೆ ಬರೂದಿಲ್ಲ.’
ದೇವತೆಗೆ ಬರ್ತದಲ್ಲ, ಎಂದೆ.
‘ಅವಳ ಹೆಸರು ಅವಳಿಗೆ ಗೊತ್ತುಂಟು.’

ನಿದ್ದೆ ಹತ್ತಲಿಲ್ಲ. ರಾತ್ರಿ ಟಾರ್ಚು ಬಾಯಲ್ಲಿ ಕಚ್ಚಿ
ಒದ್ದೆ ಹಲಗೆಯ ಮೇಲೆ, ಇಲ್ಲದ ಜಾಗದಲ್ಲಿ
ಒಂದು ದೀರ್ಘವನ್ನು ಹಿಸುಕಿ ಕೂರಿಸಿ ಬಂದೆ.

ಬಾಂದೇಕರ್ ಮೇಡಂ ಮೊನ್ನೆ ಕರೆದು ಹೇಳಿದರು,
ಸಮೀಕ್ಷೆಯಲ್ಲಿ ವರ್ಷದ ಮಟ್ಟಿಗೆ ಒಂದು ಜಾಗ ಇದೆ,
ಮಂಗಳೂರಿನಲ್ಲಿ, ಜೂನ್ ಒಂದರಿಂದ.
ಬೇರೆ ತಿಂಗಳು ಇರಲಿಲ್ಲವೇ ಎಂದು ಕೇಳಲು ಬಾಯಿ ಬರಲಿಲ್ಲ.
ಮೇಸ್ತ್ರಿಯ ಎಡಗಣ್ಣಿಗೆ ಪೊರೆ ಬಂದಿದೆ.
ಹೇಳಿದರೆ ‘ಹೋಗು’ ಎನ್ನುತ್ತಾರೆ. ಅದಕ್ಕೇ ಹೇಳಿಲ್ಲ.
ಮೀನಿನ ಹೊಟ್ಟೆ ಸೀಳುವುದೂ ನನಗಿಷ್ಟ ಎಂಬುದು
ಯಾರೂ ನಂಬದ ಇನ್ನೊಂದು ಸಂಗತಿ.

ಇಂಟರ್ನ್‌ಶಿಪ್ಪಿನ ಇಪ್ಪತ್ತನೇ ದಿನವೋ ಏನೋ,
ಕತ್ತಲೆ ಪೂರ್ತಿ ಹರಿದಿರಲಿಲ್ಲ.
ಬೋಟಿಗಿಂತ ಮೊದಲು ಅದರ ಅಕ್ಷರಗಳು ಬಂದವು,
ಹಳದಿ, ನೀಲಿ ಅಂಚು, ನನ್ನ ಕೈ.
ಮೇಸ್ತ್ರಿ ಹೇಳಿದ್ದು ನಿಜ, ನೆಟ್ಟಗೇ ಇದ್ದವು.
ರಾತ್ರಿ ಬರೆದ ದೀರ್ಘವನ್ನು ಮಾತ್ರ ಉಪ್ಪು ತಿಂದಿತ್ತು.

ಹಾಳೆಯ ಮೊದಲ ಕಾಲಮ್ಮು: ಬೋಟಿನ ಹೆಸರು,
ಕಂಡಂತೆ ದಾಖಲಿಸಿ.
ನಾನು ದೀರ್ಘ ಹಾಕಿಯೇ ಬರೆದೆ.
ನಲವತ್ತು ದಿನಗಳ ಅಂಕಿಅಂಶದಲ್ಲಿ
ಅದೊಂದು ಸುಳ್ಳಿದೆ, ಕ್ಷಮೆ ಇರಲಿ.

ಚೌಕದಲ್ಲಿ ಬರೆದದ್ದು ಇಷ್ಟು:
‘ಮೀನಿನ ಉದ್ದ ಅಳೆಯಲು ಕಲಿತೆ.’
ಇನ್ನೂ ನೂರ ತೊಂಬತ್ತಾರು ಪದ ಉಳಿದಿವೆ.
ಜೂನಿಗೆ ಬೇಕಾದೀತೆಂದು
ಎತ್ತಿಟ್ಟುಕೊಂಡಿದ್ದೇನೆ.