ಚಿಮಣಿ

ಶಹಾಬಾದಿನ ಕಾಲೇಜು ಗ್ಯಾದರಿಂಗಿನಾಗ
‘ಖಣಿ’ ಬ್ಯಾಂಡಿನ ಕಡೀ ಹಾಡು, ಕಡೀ ಸಾಲು.
ಎರಡು ಗಿಟಾರು, ಒಂದು ಡ್ರಮ್ಮು,
ಮದುವಿ ಪೆಂಡಾಲಿನವರ ಕಡಿಂದ ಬಾಡಿಗಿ ತಂದ ಸ್ಪೀಕರು.
ಚಂದ್ರಶಾ ಕಣ್ಣು ಮುಚ್ಚಿ ಒದರಿದ:

ಅಪ್ಪ ಬಿಟ್ಟುಹೋದ ಚಿಮಣಿ
ಬೆಳಗಾಗೂದ್ರಾಗ ನಾನ

ಕರೆಂಟು ಹೋತು.

ನಮ್ಮ ಮಾತು ಹಂಗೇ ಅದ ನೋಡ್ರಿ,
ಯಾರು, ಯಾರನ್ನ, ಎಲ್ಲಿ, ಯಾವಾಗ, ಎಲ್ಲಾ ಹೇಳಿ ಮುಗಿಸಿ
ಏನು ಮಾಡ್ದ ಅಂಬೋದು ಮಾತ್ರ ಬಾಲದಾಗ.
ಬಾಲ ಕತ್ತಲದಾಗ ಉಳೀತು.
ಎರಡು ತಿಂಗಳಿಗೆ ಬ್ಯಾಂಡೂ ಒಡೀತು.

ಏಳು ವರ್ಷ ಆತು.
ಸ್ಟೇಷನ್ ಎದುರಿನ ಚಾದಂಗಡಿ, ಪರಸಿಕಲ್ಲಿನ ಕಟ್ಟಿ,
ರವಿವಾರ ಸಂಜಿಕಿ ನಾವು ನಾಕು ಮಂದಿ.
ಮಶಾಕನ ಫೋನಿನಾಗ ಆ ಹಾಡು ಇನ್ನಾ ಅದ:
ನಾಕು ನಿಮಿಷ ಹನ್ನೊಂದು ಸೆಕೆಂಡು,
ಆಮ್ಯಾಲ ಬರೇ ಸೀಟಿ, ಬೈಗಳ.

ಮಶಾಕ ಅಂತಾನ: ಚಿಮಣಿ ಅಂದ್ರ ಅದೇ,
ಬಂದಾದ ಸಿಮೆಂಟು ಫ್ಯಾಕ್ಟರೀದು.
ಅವರಪ್ಪ ಅಲ್ಲೇ ಇದ್ದ, ನಮ್ಮಪ್ಪನೂ ಇದ್ದ.
ಇಪ್ಪತ್ತೆರಡು ವರ್ಷ ಅದರ ಹೊಗಿ ನೋಡಿ
ಮಳಿ ಬರ್ತದೋ ಇಲ್ಲೋ ಹೇಳ್ತಿದ್ದ.
ಈಗ ಮುಗಿಲು ನೋಡಿದ್ರ ಅಂವಗ ಏನೂ ತಿಳಿಯಂಗಿಲ್ಲ.

ಏ ಸುಮ್ಕಿರು, ಅಂತಾಳ ಜಗದೇವಿ,
ಚಿಮಣಿ ಅಂದ್ರ ಘಾಸಲೇಟಿನ ದೀಪ.
ಅದರ ಬುಡಕ ಓದೇ ನಾ ಎಸ್ಸೆಲ್ಸಿ ಪಾಸಾದಕಿ, ನರ್ಸ್ ಆದಕಿ,
ಮೂಗಿನಾಗ ಅದರ ಮಸಿ ಇನ್ನಾ ಅದ.
ಆರಿಸಿದೆ ಅಂತ ಹಾಡ್ಯಾನ ಅಂವ.
ಊದಿ ಕತ್ತಲ ಮಾಡಿದೆ ಅಂತನೂ ಆತು,
ಹತ್ತರಾಗ ಒಂದು ಹೆಕ್ಕಿ ತಗೊಂಡೆ ಅಂತನೂ ಆತು.

ತಾನಾಜಿ ಆಳಂದದ ಕಡಿಯಾಂವ, ಮನಿಮಾತು ಮರಾಠಿ.
ಅವರ ಮನ್ಯಾಗ ಚಿಮಣಿ ಅಂದ್ರ ಗುಬ್ಬಿ,
ಸಣ್ಣ ಹುಡುಗೀಗೂ ಹಂಗೇ ಕರೀತಾರ.
ಅಪ್ಪ ಬಿಟ್ಟುಹೋದ ಚಿಮಣಿ ಅಂದ್ರ ತಂಗಿ, ಅಂದ.
ನಾವು ನಕ್ಕಿವಿ. ಅಂವ ನಗಲಿಲ್ಲ.

ವಾಡಿ ಜಂಕ್ಷನ್ನಿನಾಗ ಒಮ್ಮೆ ಚಂದ್ರಶಾನೇ ಸಿಕ್ಕಿದ್ದ,
ಕಲ್ಲಿನ ಲಾರಿ ಲೆಕ್ಕ ಬರೀತಾನಂತ ಈಗ.
ಹಾಡಿದ್ದು ಖರೇ, ಅಂದ,
ಕತ್ತಲಾದಮ್ಯಾಲ ನನಗೂ ಕೇಳಿಸಿಲ್ಲ.

ಹೋದ ರವಿವಾರ ಜಗದೇವಿ ಒಪ್ಪಿಕೊಂಡಳು:
ನಾ ಮೊದಲನೇ ಸಾಲಿನಾಗ ಇದ್ದೆ.
ಯಾರೋ ಫೋನಿನ ಬೆಳಕು ಬಿಟ್ರು,
ಅವನ ತುಟಿ ಕೂಡಿದ್ದು ನೋಡೀನಿ.
ಆರಿಸಿದೆ ಅನ್ನಲಾಕ ತುಟಿ ಕೂಡಂಗಿಲ್ಲ.
ಪ, ಬ, ಮ. ಇಷ್ಟರಾಗೇ ಒಂದು.

ಮಾರಿದೆ! ಅಂದ ಮಶಾಕ ಕಟ್ಟಿ ಬಡಿದು,
ಗುಜರಿಗಿ ಮಾರಿದೆ, ಮತ್ತೇನು!

ತಾನಾಜಿ ಅರ್ಧ ಚಾ ಇಟ್ಟು ಎದ್ದ.
ಅವನ ತಂಗಿ ಪುಣೇಕ ಹೋಗ್ಯಾಳ ಅಂತ ಅಷ್ಟೇ ಗೊತ್ತು ನಮಗ.
ಯಾರ ಜೋಡಿ, ಯಾಕ, ಯಾರೂ ಕೇಳಿದ್ದಿಲ್ಲ.

ಅಂವ ಹಳಿ ದಾಟೂದ್ರಾಗ ಬ್ಯಾರೆ ಪದಕ್ಕ ತಡಕಾಡಿದಿವಿ,
ಕಿಸೇದಾಗ ಚಿಲ್ಲರ ಹುಡುಕಿದಂಗ.
ಮರೆತೆ? ಬ್ಯಾಡ. ಬಿಟ್ಟೆ? ಬ್ಯಾಡ ಬ್ಯಾಡ.
ಬೆಳಸಿದೆ! ಜಗದೇವಿ ಒದರಿದಳು,
ತಾನಾಜೀ, ಬೆಳಸಿದೆ ಅಂತ ಅದನೋ!
ಒಂದು ರಾತ್ರ್ಯಾಗ ಹೆಂಗ ಬೆಳಸ್ತಾರ ಅಂತ
ಮಶಾಕ ಸುದ್ದಾ ಕೇಳಲಿಲ್ಲ.
ಗೂಡ್ಸ್ ಗಾಡಿ ಅಡ್ಡ ಬಂತು, ಐವತ್ತೆಂಟು ಡಬ್ಬಿ.
ಅಂವಗ ಕೇಳಿಸ್ತೋ ಇಲ್ಲೋ.

ನಾ ಏನೂ ಅನ್ನಲಿಲ್ಲ. ಏಳು ವರ್ಷದಿಂದ ಅಂದಿಲ್ಲ.
ಸಬ್‌ಸ್ಟೇಷನ್ನಿನಾಗ ಆ ರಾತ್ರಿ ನಂದೇ ಪಾಳಿ.
ಕಿಟಕಿ ತೆರದಿತ್ತು, ಹಾಡು ಗಾಳಿಗಿ ತೇಲಿ ಬರ್ತಿತ್ತು.
ಫೋನ್ ಬಂತು: ಟೌನ್ ಫೀಡರ್ ತಗಿ.
ಇದೊಂದು ಸಾಲು ಮುಗೀಲಿ ಅಂತ
ಹಿಡಿಕಿ ಮ್ಯಾಲ ಕೈ ಇಟ್ಟು ನಿಂತೆ.
ನಾನ, ಅಂದ. ಉಸಿರು ತಗೊಂಡ.

ಮುಗೀತು ಅಂತನೇ ತಿಳಿದೆ.
ಅಪ್ಪ ಬಿಟ್ಟುಹೋದ ಚಿಮಣಿ, ಬೆಳಗಾಗೂದ್ರಾಗ, ನಾನ.
ಮುಂದ ಇನ್ನೊಂದು ಪದ ಬೇಕು ಅಂತ
ನನಗ ಅನಿಸಲೇ ಇಲ್ಲ.

ಲಾಗ್ ಬುಕ್ಕಿನಾಗ ಬರದೆ: 9-41, ಟೌನ್ ಫೀಡರ್ ಬಂದ.
ಬಂದ್ ಆತೋ, ಬಂತೋ, ನೆಟ್ಟಗ ಬರಿ ಅಂತ
ಮರುದಿನ ಸಾಹೇಬರು ಬೈದ್ರು.