ನಾಳೆ ಬನ್ನಿ

ಟಕೊರಾಡಿಯ ಮಾರ್ಕೆಟ್ ಸರ್ಕಲ್ಲು. ಟೊಮೆಟೊ ಬುಟ್ಟಿಗಳ
ಸಾಲು ಮುಗಿಯುವಲ್ಲಿ ಒಂದು ಹಳದಿ ಕೊಡೆ,
ಕೊಡೆಯ ಕೆಳಗೆ ಅರಬಾ. ಮಾರುವುದು ಕ್ರೆಡಿಟ್:
ಫೋನಿಗೆ ತುಂಬುವ ಮಾತು.
ಎರಡು ಸೆಡಿಗೆ ಇಷ್ಟು, ಐದಕ್ಕೆ ಇಷ್ಟು.
ಚೀಟಿಯನ್ನು ಉಗುರಲ್ಲಿ ಕೆರೆದರೆ ಬೂದು ಬೆಳ್ಳಿ ಉದುರಿ
ಅಂಕಿಗಳು ಒಂದೊಂದಾಗಿ ಕಣ್ಣು ಬಿಡುತ್ತವೆ.

ತಲೆಯ ಮೇಲೊಂದು ಹಲಗೆ, ಕೆಂಪಕ್ಷರ:
ಇಂದು ಕ್ರೆಡಿಟ್ ಇಲ್ಲ. ನಾಳೆ ಬನ್ನಿ.
ಪರವೂರಿನವರು ಓದಿ ಹಿಂದಿರುಗುತ್ತಾರೆ.
ಅವಳು ಕೂಗುತ್ತಾಳೆ: ಇದೆ, ಬನ್ನಿ, ಬೇಕಾದಷ್ಟಿದೆ,
ಇಲ್ಲದ್ದು ಆ ಇನ್ನೊಂದು!

ನಾವಾದರೆ ಉದ್ರಿ, ಜಮೆ, ಶ್ರೇಯ ಎಂದು
ಬೇರೆ ಬೇರೆ ಗಡಿಗೆ ಇಡುತ್ತೇವೆ.
ಅಲ್ಲಿ ಎಲ್ಲವೂ ಒಂದರಲ್ಲೇ ಬೇಯುತ್ತದೆ,
ಸೌಟಿಗೆ ಯಾವುದು ಬಂತೆಂದು ನಾಲಿಗೆಗಷ್ಟೇ ಗೊತ್ತು.

ಸಂಜೆ ಎಬೊ ಕ್ವೊಫಿ ಬಂದ. ಎಪ್ಪತ್ತೆರಡು.
ಒಂದು ಕಾಲಕ್ಕೆ ಹಿಟ್ಟಿನ ಚೀಲ ಬಿಚ್ಚಿ ಹೊಲಿದು
ವಿಡಿಯೊ ಮನೆಗಳಿಗೆ ಸಿನಿಮಾ ಬರೆದವನು.
ಚಿತ್ರದಲ್ಲಿ ಹಾವೊಂದಿದ್ದರೆ ಇವನ ಬಟ್ಟೆಯಲ್ಲಿ ಏಳು.
ಆ ಚೀಲಗಳೀಗ ಯಾವುದೋ ತಣ್ಣನೆಯ ಊರಿನ ಗೋಡೆಯಲ್ಲಿ
ಗಾಜಿನ ಹಿಂದೆ ನಿಂತಿವೆಯಂತೆ;
ಅಳಿಯ ಫೋನಿನಲ್ಲಿ ತೋರಿಸಿದ,
ಕೆಳಗಿನ ಚೀಟಿಯಲ್ಲಿ, ಕಲಾವಿದ: ತಿಳಿದಿಲ್ಲ.
'ಚೆನ್ನಾಗಿದೆ ಹೆಸರು' ಅಂದ ಎಬೊ,
'ಅಪ್ಪ ಇಟ್ಟದ್ದಕ್ಕಿಂತ ಗಂಭೀರ.'

ಎರಡು ಸೆಡಿ ಕ್ರೆಡಿಟ್ ಕೊಡು, ಕ್ರೆಡಿಟ್ಟಿನಲ್ಲಿ.
ಅರಬಾ ಮಾತಾಡದೆ ಗದ್ದವೆತ್ತಿ ಹಲಗೆ ತೋರಿಸಿದಳು.
ಅವನು ನೋಡಿದ. ಬಹಳ ಹೊತ್ತು ನೋಡಿದ.
'ಆ ಮೊದಲಕ್ಷರದ ಹೊಟ್ಟೆ ಸ್ವಲ್ಪ ಜೋತಿದೆ.
ಆವತ್ತು ಜ್ವರ ನನಗೆ. ನೀನು ಅರ್ಧ ಕೊಟ್ಟೆ,
ಉಳಿದರ್ಧ ನಾಳೆ ಅಂದೆ. ಐದು ವರ್ಷ.'

ಅಷ್ಟರಲ್ಲಿ ಎಕುವಾ, ಅರಬಾಳ ಮೊಮ್ಮಗಳು,
ಚಪ್ಪಲಿ ಕೈಯಲ್ಲಿ ಹಿಡಿದು ಓಡಿಬಂದಳು:
ಗಣಿತದಲ್ಲಿ ಕ್ರೆಡಿಟ್!
'ಯಾರಿಗೆ ಕೊಟ್ಟೆಯೇ?' ಅಜ್ಜಿ ಗಾಬರಿ.
ಕೊಟ್ಟದ್ದಲ್ಲಜ್ಜಿ, ಬಂದದ್ದು. ಪರೀಕ್ಷೆಯಲ್ಲಿ.
ಮೇಷ್ಟ್ರು ತನ್ನಿಂದ ಎಂದರಂತೆ, ಪಾದ್ರಿ ಪ್ರಾರ್ಥನೆಯಿಂದ,
ಮೂರು ವರ್ಷ ಕಾಣದ ಅಪ್ಪ
ತನ್ನ ರಕ್ತದಿಂದ ಎಂದು ಸಂದೇಶ ಕಳಿಸಿದ್ದಾನೆ.
ಹುಡುಗಿ ಎಬೊನ ಕಡೆ ತಿರುಗಿ, ಸುಮ್ಮನೆ ಹೇಳುವಂತೆ:
'ಅದೇ ಬಂದಿತ್ತು. ಮೂರು ಪಾಲು ಹಳದಿಗೆ
ಒಂದು ನೀಲಿ.'
ಅವನು ಉಗುರಿನ ಸಂದಿಯ ಹಸಿರು ಕೆರೆಯುತ್ತ ನಿಂತ.

ಅರಬಾ ಬೆಂಚಿನಡಿಯಿಂದ ನೀಲಿ ಪುಸ್ತಕ ತೆಗೆದಳು.
(ಇತ್ತು. ಅರ್ಧ ಸಂತೆ ಅದರಲ್ಲಿತ್ತು.)
ಎಬೊ, ಎರಡು ಎಂದು ಬರೆದು
ಎಡಕ್ಕೋ ಬಲಕ್ಕೋ ಎಂದು ತಡೆದು
ನಡುಗೆರೆಯ ಮೇಲೆಯೇ ಬಿಟ್ಟಳು.
ಚೀಟಿ ಕೊಟ್ಟಳು. ಆಮೇಲೆ, ಮುಖ ಬೇರೆ ಕಡೆ ಮಾಡಿ:
'ಹಲಗೆಯ ಮೂಲೆಯಲ್ಲಿ ನಿನ್ನ ಹೆಸರೂ ಬರೆದುಬಿಡು.
ಸ್ಟೂಲು ಅಗೋ ಅಲ್ಲಿದೆ.'

ಎಬೊ ಕೆಂಪಕ್ಷರ ಓದಿ, ಬಾಯಿ ತುಂಬ ನಕ್ಕು,
'ಇಂದು ಇಲ್ಲ' ಅಂದ.
'ನಾಳೆ ಬರ್ತೀನಿ.'