ಎಲೆ ತುದಿಯ ಉಪ್ಪು

ಸಾಣಿಕಟ್ಟೆಯ ಆಗರದಲ್ಲಿ ಉಪ್ಪು ಎಳೆದು ಬಂದು
ಊಟಕ್ಕೆ ಕೂತಾಗ ಹೇಳಿಬಿಟ್ಟೆ:
ನಾನು ಸತ್ತರೆ ಕಾಗೆಗೆ ಅನ್ನ ಇಡಬೇಡಿ.
ಹೋದವರು ಎಲ್ಲಿಗೂ ಹೋಗುವುದಿಲ್ಲ,
ಎಲ್ಲಿಂದಲೂ ಬರುವುದಿಲ್ಲ,
ಹಾಗಂತ ನನ್ನ ನಂಬಿಕೆ.

ಅಣ್ಣ ಬೀರು ಬಾಯಿಗೊಯ್ದ ತುತ್ತು ಹಾಗೇ ಹಿಡಿದ.
ಅತ್ತಿಗೆ ದೇವರ ಗೂಡಿನತ್ತ ನೋಡಿದಳು,
ಒಳಗಿದ್ದವರು ಕೇಳಿಸಿಕೊಂಡರೋ ಏನೋ ಎಂಬಂತೆ.
ಸೋಮಿ ಚಿಕ್ಕಿ ಮಾತ್ರ,
"ಬಿಸಿಲು ತಲೆಗೇರಿದೆ, ಮಜ್ಜಿಗೆ ಕುಡಿ" ಅಂದಳು.

ವಾದಕ್ಕೆ ತೆರೆದ ಬಾಯಿ ಮುಚ್ಚಿದೆ.
ಇಪ್ಪತ್ತು ವರ್ಷದಿಂದ ತೂಬಿನ ಹಲಗೆ ಎತ್ತುತ್ತಿದ್ದೇನೆ;
ಎತ್ತುವುದಷ್ಟೇ ನನ್ನ ಕೆಲಸ,
ಭರತವನ್ನು ಯಾರೂ ಹಗ್ಗ ಕಟ್ಟಿ ತಂದದ್ದಿಲ್ಲ.

ಅಪ್ಪನ ವರ್ಷದ ದಿನ
ಚಿಕ್ಕಿಯ ಮೊಣಕಾಲು ಮಾತು ಕೇಳಲಿಲ್ಲ.
ನಾನೇ ಲೂನಾ ಮೇಲೆ ಕೂರಿಸಿಕೊಂಡು
ತದಡಿಯ ದಂಡೆಗೆ ಒಯ್ದೆ.

"ಕೈ ಮುಗಿಯೂದಿಲ್ವಾ?"
"ಇಲ್ಲ ಚಿಕ್ಕಿ."
"ಹಂಗಾರೆ ಕೊಡೆ ಹಿಡಿ."

ಹಿಡಿದೆ.
ಎಲೆಯ ಮೇಲೆ ಅನ್ನ,
ಅಪ್ಪನಿಗೆ ಸೇರುತ್ತಿದ್ದ ಒಣ ಶೆಟ್ಲಿ ಚಟ್ನಿ, ಒಂದು ಬೀಡಿ.
ಬಹಳ ಹೊತ್ತು ಏನೂ ಬರಲಿಲ್ಲ.
ಗೆದ್ದೆ ಅನಿಸಬೇಕಿತ್ತು.
ಬದಲಿಗೆ ಗಂಟಲು ಒಣಗಿ,
ಬಾ ಮಾರಾಯ, ಅಂದುಕೊಂಡೆ
ಯಾರಿಗೆ ಅಂದೆನೋ.

ಒಂದು ಬಂತು.
ಚಿಕ್ಕಿ ತಿರುಗಿ ನನ್ನ ಮುಖ ನೋಡಿದಳು.
"ಕಾಗೆ ಬಂತು" ಅಂದೆ.
ಅಷ್ಟು ನಿಜ.

ರಾತ್ರಿ ಪಂಕ್ತಿಯಲ್ಲಿ ಚಿಕ್ಕಿ
ಎಲ್ಲರ ಎಲೆ ತುದಿಗೆ ಚಿಟಿಕೆ ಉಪ್ಪು ಬಡಿಸುತ್ತ ಬಂದಳು,
ಬೇಕೋ ಬೇಡವೋ ಕೇಳದೆ.
ಅತ್ತಿಗೆ ಸ್ವಲ್ಪ ಬೆರೆಸಿಕೊಂಡಳು.
ಅಣ್ಣನಿಗೆ ಬಿಪಿ, ಮುಟ್ಟಲಿಲ್ಲ,
ನಮ್ಮದೇ ಆಗರದ್ದಾದರೂ.